ಕಾಲಿಗೆ ಗಾಲಿ

ಒಂದು ಕಡೆ ನಿಲ್ಲದೆ ಊರೂರು ತಿರುಗುವವನನ್ನು 'ಕಾಲಿಗೆ ಚಕ್ರ ಕಟ್ಟಿಕೊಂಡವನು' ಎಂದು ನಮ್ಮಲ್ಲಿ ಆಡಿಕೊಳ್ಳುವುದುಂಟು. ಈ ಮಾತನ್ನು ಮೊದಲು ಆಡಿದ ಪುಣ್ಯಾತ್ಮ ನಿಜವಾಗಿ ಚಕ್ರ ಕಟ್ಟಿಕೊಂಡವನನ್ನು ಕಂಡಿರಲಾರ. ಕಂಡಿದ್ದರೆ, ತಿರುಗುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ನಿಲ್ಲುವುದೇ ಕಷ್ಟ ಎಂಬುದನ್ನೂ ಸೇರಿಸಿ ಹೇಳುತ್ತಿದ್ದ. ನಾನು ಕಟ್ಟಿಕೊಂಡವನು, ಹೇಳುವ ಅಧಿಕಾರ ನನಗುಂಟು.

ನನ್ನೂರು ಗಜೇಂದ್ರಗಡ. ಹಿಂದೆ ರೋಣ ತಾಲ್ಲೂಕಿನಲ್ಲಿದ್ದದ್ದು ಈಗ ತಾನೇ ಒಂದು ತಾಲ್ಲೂಕಾಗಿದೆ. 1787ರಲ್ಲಿ ಮರಾಠರೂ ಟಿಪ್ಪುವೂ ಮಾಡಿಕೊಂಡ ಒಪ್ಪಂದಕ್ಕೆ ನಮ್ಮೂರಿನ ಹೆಸರಿದೆ. ಇತಿಹಾಸದ ಪುಸ್ತಕದಲ್ಲಿ ನಮಗೆ ಸಿಕ್ಕಿರುವ ಜಾಗ ಬಹುಮಟ್ಟಿಗೆ ಅಷ್ಟೇ. ಗುಡ್ಡದ ಮೇಲೆ ಕೋಟೆ, ಊರಿಗೆ ಸಮೀಪದಲ್ಲಿ ಕಾಲಕಾಲೇಶ್ವರನ ಗುಡಿ, ಗುಡಿಯ ಬಳಿ ಬಂಡೆಯ ಸಂದಿನಿಂದ ಜಿನುಗುವ ಅಂತರಗಂಗೆ. ಈಚೆಗೆ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಿಂದ ವಿದ್ಯುತ್ತು ತೆಗೆಯುವ ಮೂರು ರೆಕ್ಕೆಯ ಕಂಬಗಳೂ ಎದ್ದಿವೆ. ಕೆಳಗೆ ಮಗ್ಗದ ಓಣಿಗಳು. ಹೀಗೆ ತಿರುಗುವ ವಸ್ತುಗಳಿಗೆ ನಮ್ಮೂರಲ್ಲಿ ಕೊರತೆಯಿಲ್ಲ. ಆದರೆ ಅವು ರಾಟೆಗೆ, ಚಕ್ಕಡಿಗೆ, ಕಂಬದ ತುದಿಗೆ ಇರತಕ್ಕವು; ಮನುಷ್ಯನ ಪಾದಕ್ಕೆ ಇರತಕ್ಕವಲ್ಲ.

ನನಗೆ ಇದು ತಗುಲಿದ್ದು ಬೆಳಗಾವಿಯಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ. ನೌಕರಿಯ ನಿಮಿತ್ತ ಅಲ್ಲಿ ನೆಲೆಸಿದವನು ಮಗಳನ್ನು ಸ್ಕೇಟಿಂಗ್ ಕಲಿಯಲು ಬಿಟ್ಟುಬರುತ್ತಿದ್ದೆ. ಬೆಳಗಾವಿಯ ಮಕ್ಕಳು ಗಾಲಿಯ ಮೇಲೆ ಓಡಾಡುವುದರಲ್ಲಿ ಹೆಸರಾದವರು. ಅವರನ್ನು ನೋಡುತ್ತ ಕಟ್ಟೆಯ ಮೇಲೆ ಎಷ್ಟು ದಿನ ಕೂರುವುದು? ಒಂದು ದಿನ ನಾನೂ ಬೂಟು ತೊಟ್ಟೆ. ಮಗಳು ನನ್ನ ಕೈ ಹಿಡಿದು ನಡೆಸಿದಳು. ಹತ್ತು ವರ್ಷದ ಹಿಂದಿನ ಸಾಲ ತೀರಿತು.

ಗಾಲಿಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಜೋಡಿಸಿದ ಬೂಟಿಗೆ ಇನ್‌ಲೈನ್ ಸ್ಕೇಟ್ ಎಂದು ಹೆಸರು. ಹೊಸದೆಂದು ತೋರಿದರೂ ಉಪಾಯ ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನಲ್ಲಿದ್ದ ಮರ್ಲಿನ್ ಎಂಬ ಯಂತ್ರಕುಶಲಿ ಇಂಥದೊಂದನ್ನು ತೊಟ್ಟು, ಪಿಟೀಲು ನುಡಿಸುತ್ತ, ಒಂದು ವಿಲಾಸಕೂಟಕ್ಕೆ ಜಾರಿಕೊಂಡು ಬಂದನಂತೆ. ನಿಲ್ಲುವ ವಿದ್ಯೆ ಗೊತ್ತಿಲ್ಲದೆ ಬೆಲೆಬಾಳುವ ಕನ್ನಡಿಗೆ ಡಿಕ್ಕಿ ಹೊಡೆದು ಕನ್ನಡಿಯನ್ನೂ ಪಿಟೀಲನ್ನೂ ಪುಡಿಮಾಡಿ ತಾನೂ ಗಾಯಗೊಂಡನಂತೆ. 1863ರಲ್ಲಿ ಅಮೆರಿಕದ ಪ್ಲಿಂಪ್ಟನ್ ಎಂಬಾತ ಎರಡು ಮುಂದೆ, ಎರಡು ಹಿಂದೆ ಗಾಲಿಯಿಟ್ಟು ಬೂಟನ್ನು ಸಭ್ಯಗೊಳಿಸಿದ. ಮತ್ತೆ ಸಾಲುಗಾಲಿಗೆ ಕಾಲ ಬಂದದ್ದು 1980ರ ಸುಮಾರಿಗೆ, ಮಿನೆಸೋಟಾದ ಓಲ್ಸನ್ ಸಹೋದರರಿಂದ. ಹಿಮವಿಲ್ಲದ ತಿಂಗಳುಗಳಲ್ಲಿ ಐಸ್ ಹಾಕಿಯ ಅಭ್ಯಾಸ ತಪ್ಪಬಾರದೆಂಬುದು ಅವರ ಚಿಂತೆ. ಹಿಮವೇ ಇಲ್ಲದ ನಾಡಿಗೂ ಅದು ಬಂದು ತಲುಪಿತು.

ಆಟ ಸರಳ. ಗೋಲು ಕಾಯುವವನೊಬ್ಬ, ಓಡುವವರು ನಾಲ್ವರು. ಚೆಂಡಿಲ್ಲ, ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆ, ಪಕ್ ಎನ್ನುತ್ತಾರೆ. ಮೈಮೇಲೆ ಬಿದ್ದು ಕೆಡಹುವಂತಿಲ್ಲ. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರಬೇಕು, ಅಲ್ಲಿಯವರೆಗೆ ಉಳಿದವರು ಒಬ್ಬ ಕಡಿಮೆಯಾಗಿ ಹೆಣಗಬೇಕು. ಇದೆಲ್ಲ ಒಂದು ವಾರದಲ್ಲಿ ತಿಳಿಯುತ್ತದೆ. ನಿಲ್ಲುವುದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಐಸ್ ಮೇಲಾದರೆ ಅಲಗನ್ನು ಅಡ್ಡ ತಿರುಗಿಸಿದರೆ ಹಿಮ ಹೆರೆದು ನಿಲ್ಲುತ್ತದೆ. ಸಿಮೆಂಟು ಯಾರಿಗೂ ಹೆರೆಯಗೊಡುವುದಿಲ್ಲ. ಮೊಣಕಾಲು ಬಗ್ಗಿಸಿ, ಭಾರವನ್ನೆಲ್ಲ ಒಂದು ಕಾಲಿಗೆ ಕೊಟ್ಟು, ಇನ್ನೊಂದನ್ನು ಅಡ್ಡಲಾಗಿ ಎಳೆಯಬೇಕು. ಗಾಲಿ ಅಳುತ್ತದೆ; ನಿಲ್ಲುತ್ತೀರಿ, ಅಥವಾ ಕೂರುತ್ತೀರಿ.

2023ರ ಡಿಸೆಂಬರಿನಲ್ಲಿ ಹವ್ಯಾಸಿಗಳ ಒಂದು ಸಣ್ಣ ಪಂದ್ಯಾವಳಿ ನಡೆಯಿತು. ನಮ್ಮ ತಂಡದಲ್ಲಿ ಒಬ್ಬ ಬ್ಯಾಂಕಿನವರು, ಫೋಟೋ ಸ್ಟುಡಿಯೋದವನೊಬ್ಬ, ಇಂಜಿನಿಯರಿಂಗ್ ಕಾಲೇಜಿನ ಇಬ್ಬರು ಹುಡುಗರು, ಗೋಲಿಗೆ ಫೌಂಡ್ರಿಯಲ್ಲಿ ಕೆಲಸಮಾಡುವ ಒಬ್ಬ ಭೀಮಕಾಯ. ಯಾವ ದೈವದ ದಯೆಯಿಂದಲೋ ಸೆಮಿಫೈನಲ್ ಮುಟ್ಟಿದೆವು. ಫೈನಲ್ಲಿನಲ್ಲಿ ಸೋತವನಿಗೂ ಒಂದು ಬಟ್ಟಲಿದೆ. ಸೆಮಿಫೈನಲ್ಲಿನಲ್ಲಿ ಸೋತವನಿಗೆ ನಿಂಬೆಹಣ್ಣಿನ ಪಾನಕವೇ ಗತಿ.

ಅದೇ ಸಮಯಕ್ಕೆ ನಮ್ಮ ತಂದೆ ಬೆಳಗಾವಿಯಲ್ಲಿದ್ದರು, ಕಣ್ಣಿನ ಪೊರೆ ತೆಗೆಸಲೆಂದು ಬಂದು. ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವರು. ಗಜೇಂದ್ರಗಡದ ಪಟ್ಟೇದಂಚು ಸೀರೆಯನ್ನು ಬಲ್ಲವರು ಬಲ್ಲರು: ಮೈತುಂಬ ಚೌಕುಳಿ, ಅಗಲವಾದ ಅಂಚು, ಸವದತ್ತಿಯ ಎಲ್ಲಮ್ಮನಿಗೆ ಏರಿಸುವ ಸೀರೆ. ಅದಕ್ಕೆ ಒಳಮೈ ಹೊರಮೈ ಎಂಬುದಿಲ್ಲ. ಯಾವ ಮಗ್ಗುಲಿಂದಾದರೂ ಉಡಬಹುದು. ನಡುವೆ ಅದನ್ನು ನೇಯುವವರೇ ಇಲ್ಲದಂತಾಗಿ, ಈಚಿನ ವರ್ಷಗಳಲ್ಲಿ ಮತ್ತೆ ಮಗ್ಗವೇರಿದೆ. ಅಷ್ಟರಲ್ಲಿ ತಂದೆಯವರ ಕಣ್ಣು ಮಂಜಾಗಿತ್ತು. ನಾನಂತೂ ಊರು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಮಗ್ಗ ಬಿಟ್ಟು ಹೋದೆ ಎಂದು ಅವರು ನನಗೆ ಎಂದೂ ಅಂದವರಲ್ಲ. ಆ ಮಾತು ಮನೆಯಲ್ಲಿ ಒಂದು ಹಳೆಯ ಪೆಟ್ಟಿಗೆಯ ಹಾಗೆ ಇತ್ತು; ಇಬ್ಬರೂ ಎಡವದೆ ಸುತ್ತಿ ಹೋಗುತ್ತಿದ್ದೆವು. ಬೆಳಗಾವಿಯಲ್ಲಿ ನಾನು ಏನು ಮಾಡುತ್ತೇನೆ ಎಂದು ಅವರು ಕೇಳುತ್ತಲೂ ಇರಲಿಲ್ಲ. ಮೊಮ್ಮಗಳು ಕೈಹಿಡಿದು ಎಳೆದದ್ದರಿಂದ ಆಟಕ್ಕೆ ಬಂದರು. ಕಪ್ಪು ಕನ್ನಡಕ, ತಲೆಗೆ ಟೋಪಿ, ಕೈಯಲ್ಲಿ ಛತ್ರಿ.

ಎದುರಾಳಿಗಳು ನಮ್ಮ ಅರ್ಧ ವಯಸ್ಸಿನವರು. ಹದಿನೈದು ನಿಮಿಷದ ಮೊದಲರ್ಧ ಮುಗಿದಾಗ ನಾವು ಒಂದಕ್ಕೆ ಎರಡು ಗೋಲಿನಿಂದ ಹಿಂದಿದ್ದೆವು. ನನ್ನ ಉಸಿರು ನನ್ನ ವಶದಲ್ಲಿರಲಿಲ್ಲ. ಕಟ್ಟೆಯ ಬಳಿ ನೀರು ಕುಡಿಯುತ್ತಿದ್ದಾಗ ತಂದೆಯವರು, ಯಾರನ್ನೂ ಉದ್ದೇಶಿಸದೆ ಎಂಬಂತೆ, ಹೇಳಿದರು:

"ಎಡಗಡೀ ಅಂಚು ಸಡಲ ಬಿದ್ದೈತಿ. ಆ ಹುಡುಗನ್ನ ನಡಕ ತಗೋರಿ. ಇವನ್ನ ಅಂಚಿಗೆ ಹಾಕ್ರಿ."

ಗೋಲಿನವನು ಮುಖದ ಜಾಲರಿ ಎತ್ತಿ ನೋಡಿದ. "ಕಾಕಾ, ಈ ಆಟ ಮೊದಲ ಎಲ್ಲಿ ನೋಡೀರಿ?"

"ಆಟ ಯಾರು ನೋಡ್ಯಾರಪಾ? ಬಿಲ್ಲಿ ಹೋಗಿ ಬರೂದು ನೋಡಾಕತ್ತೀನಿ. ಆ ಕಡಿಂದ ಹೊಳ್ಳಿ ಬರವಲ್ದು."

ನಿಜ. ಬಿಲ್ಲೆ ಎಡಕ್ಕೆ ಹೋದಾಗಲೆಲ್ಲ ಅಲ್ಲಿಯೇ ಕಳೆದುಹೋಗುತ್ತಿತ್ತು. ಲಾಳಿ ಅತ್ತಿಂದ ಇತ್ತ ಓಡುವುದನ್ನು ಐವತ್ತು ವರ್ಷ ಕಂಡವರಿಗೆ ಅದು ಹದಿನೈದು ನಿಮಿಷದಲ್ಲಿ ಕಂಡಿತು. ಆರು ವರ್ಷ ಆಡಿದ ನಮಗೆ ಕಂಡಿರಲಿಲ್ಲ. ಬ್ಯಾಂಕಿನವರು ನಮ್ಮ ನಾಯಕರು, ವಿವೇಕಿ. ಮರುಮಾತಾಡದೆ ಜಾಗ ಬದಲಿಸಿದರು.

ಎರಡನೆಯ ಅರ್ಧದ ಆರನೆಯ ನಿಮಿಷಕ್ಕೆ ಎಡದ ಗೋಡೆಗುಂಟ ಬಿಲ್ಲೆ ನನ್ನ ಕೋಲಿಗೆ ಬಂತು. ಹಿಂದೆಯೇ ಒಬ್ಬ ಹುಡುಗ ಬಾಣದಂತೆ ಬರುತ್ತಿದ್ದುದು ಗಾಲಿಯ ಸದ್ದಿನಿಂದಲೇ ತಿಳಿಯಿತು. ಅವನೊಡನೆ ಓಡಿ ಗೆಲ್ಲುವ ಕಾಲ ನನ್ನದಲ್ಲ. ನಾನು ನಿಂತೆ. ಅಷ್ಟೇ ಮಾಡಿದ್ದು. ಗಾಲಿ ಕಿರ್ರೆಂದಿತು, ಮೊಣಕಾಲು ಬೈದುಕೊಂಡಿತು, ಹುಡುಗ ನನ್ನ ಮುಂದಿನಿಂದ ಬಸ್ಸಿನಂತೆ ಹಾದುಹೋದ. ಎದುರಿಗೆ ಬಯಲೋ ಬಯಲು. ನಿಧಾನವಾಗಿ ನೋಡಿ ನಡುವಿಗೆ ತಳ್ಳಿದೆ. ಕಾಲೇಜಿನ ಹುಡುಗ ಹೊಡೆದ. ಎರಡಕ್ಕೆ ಎರಡು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕೊನೆಗೆ ಎರಡು ನಿಮಿಷವಿರುವಾಗ ಸ್ಟುಡಿಯೋದವನ ಕೋಲು ಯಾರದೋ ಕಾಲಿಗೆ ತೊಡರಿ ಅವನು ಹೊರಗೆ ಕುಳಿತ. ಮೂವರಾಗಿ ಕಾದೆವು. ಗೋಲಿನವನು ಮಲಗಿ, ಎದ್ದು, ಎದೆಗೊಟ್ಟು ನಾಲ್ಕು ಹೊಡೆತ ತಡೆದ. ಐದನೆಯದು ಅವನ ಕಂಕುಳ ಸಂದಿನಲ್ಲಿ ನುಸುಳಿತು. ಎರಡಕ್ಕೆ ಮೂರು. ಪಾನಕ ಚೆನ್ನಾಗಿತ್ತು.

ಮನೆಗೆ ಬರುವವರೆಗೂ ತಂದೆಯವರು ಮಾತಾಡಲಿಲ್ಲ. ಊಟವಾದ ಮೇಲೆ ನನ್ನ ಬೂಟನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಗಾಲಿಯ ಮೇಲೆ ಬೆರಳಾಡಿಸಿದರು.

"ಇವೆಲ್ಲಾ ಒಳಮಗ್ಗಲs ಸವದಾವಲ್ಲೋ. ತಿರುವಿ ಹಾಕಾಕ ಬರೂದಿಲ್ಲೇನು?"

"ಬರ್ತೈತಪ್ಪಾ. ಎಂಟೂ ಬಿಚ್ಚಬೇಕು."

"ಮತ್ತ್ಯಾಕ ಕುಂತಿ? ಪಾನಾ ತಗೊಂಡ ಬಾ."

ಹಳೆಯ ಪತ್ರಿಕೆ ಹಾಸಿ ಇಬ್ಬರೂ ನೆಲಕ್ಕೆ ಕುಳಿತೆವು. ನಾನು ತಿರುಪು ಸಡಿಲಿಸುತ್ತಿದ್ದೆ; ಅವರು ಗಾಲಿಯನ್ನು ಹೊರಗೆಳೆದು, ದೂಳು ಒರೆಸಿ, ಬಲಗಾಲಿನವು ಎಡಗಾಲಿನವು ಬೆರೆಯದಂತೆ, ಕಂಡಿಕೆಗಳನ್ನು ಸಾಲಿಡುವ ಹಾಗೆ ಸಾಲಾಗಿಟ್ಟರು. ಈ ಬೂಟಿಗೆ ಎಷ್ಟು ಕೊಟ್ಟೆ ಎಂದು ಕೇಳಿದರು. ಹೇಳಿದೆ. "ಎರಡು ಸೀರಿ ರೊಕ್ಕ" ಎಂದು ಒಂದು ಗಾಲಿಯನ್ನು ಬೆರಳ ತುದಿಯಲ್ಲಿ ತಿರುಗಿಸಿ, ಅದು ನಿಲ್ಲುವವರೆಗೂ ನೋಡಿದರು.

ಅಷ್ಟರಲ್ಲಿ ಮಗಳು ತನ್ನ ಬೂಟನ್ನೂ ತಂದಳು. "ಅಜ್ಜಾ, ನಂದೂ." ಒಟ್ಟು ಹದಿನಾರು ಗಾಲಿ. ಮುಗಿಯುವಾಗ ಹನ್ನೊಂದು ಗಂಟೆ ಹೊಡೆದಿತ್ತು.