ಕೊಬ್ಬರಿ ಸೀಮೆಯ ಉಪ್ಪುಕಂಡ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಒಣಗಿಸುವ ವಿದ್ಯೆ ಹೇಳಿಕೊಡಬೇಕಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೇರಿದ ತೆಂಗಿನಕಾಯಿ ಹೆಚ್ಚುಕಡಿಮೆ 10–11 ತಿಂಗಳು ಅಲ್ಲೇ ಇದ್ದು, ನೀರು ಇಂಗಿ, ಅಲ್ಲಾಡಿಸಿದರೆ ಒಳಗೇ ಗುಡುಗುಡು ಎನ್ನುವ ಉಂಡೆಕೊಬ್ಬರಿಯಾಗುತ್ತದೆ. ಬಾಡೂಟದ ಮನೆಗಳಲ್ಲಿ ಇದೇ ವಿದ್ಯೆ ಮಾಂಸಕ್ಕೂ ಉಂಟು. ಅದೇ ಉಪ್ಪುಕಂಡ.

ಯುಗಾದಿಯ ಮರುದಿನ ವರ್ಷತೊಡಕಿಗೆ ಊರವರು ಸೇರಿ ಮರಿ ಕೊಯ್ದು, ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅಂದಿನ ಊಟಕ್ಕೆ ಆಗಿ ಮಿಕ್ಕಿದ್ದನ್ನು ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಖಾರದಪುಡಿ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಾರೆ. ಕಾಗೆ ಕಾಯಲು ಒಬ್ಬರು ಕೂರಲೇಬೇಕು. ಕೆಲವು ದಿನಕ್ಕೆ ಅದು ಕಪ್ಪಗಾಗಿ ಸೆಟೆದುಕೊಳ್ಳುತ್ತದೆ. ಮಳೆಗಾಲದಲ್ಲಿ ನಾಲ್ಕು ತುಂಡು ಬಿಸಿನೀರಿನಲ್ಲಿ ನೆನೆಸಿ, ಉಪ್ಪಿಳಿಸಿ, ಜಜ್ಜಿ ಹುರುಳಿಕಾಳಿನ ಸಾರಿಗೆ ಬಿಟ್ಟರೆ ಮನೆಮಂದಿಯ ಮುದ್ದೆಗೆಲ್ಲ ಸಾಕು.

ಇಂಥ ಮಾಂಸಕ್ಕೆ ಆಯುರ್ವೇದ ಏನನ್ನುತ್ತದೆ? ಆಯುರ್ವೇದ ಎಂದರೆ ಬರೀ ಸೊಪ್ಪುಸದೆ ಎಂದುಕೊಂಡವರು ಚರಕಸಂಹಿತೆಯ ಸೂತ್ರಸ್ಥಾನದ 5ನೇ ಅಧ್ಯಾಯ ನೋಡಬೇಕು. ದಿನವೂ ಉಣ್ಣಬಹುದಾದವುಗಳಲ್ಲಿ ಅಕ್ಕಿ, ಹೆಸರುಕಾಳು, ನೆಲ್ಲಿಕಾಯಿ, ಹಾಲು, ತುಪ್ಪದ ಜೊತೆಗೆ ಒಣಭೂಮಿಯ ಪ್ರಾಣಿಗಳ ಮಾಂಸವೂ ಇದೆ. ಒಣಮಾಂಸದ ಮಾತು ಬಂದಾಗ ಮಾತ್ರ ಚರಕನ ದನಿ ಬಿಗಿಯಾಗುತ್ತದೆ: ಅದು ಅರಗಲು ಭಾರ, ರೂಢಿ ಮಾಡಿಕೊಳ್ಳಬಾರದು. ಅದೇ ಸಂಹಿತೆಯ ವಿಮಾನಸ್ಥಾನದಲ್ಲಿ ಅತಿಯಾಗಿ ಬಳಸಬಾರದೆಂದು ಹೆಸರಿಸಿದ ಮೂರರಲ್ಲಿ ಹಿಪ್ಪಲಿ, ಕ್ಷಾರಗಳ ಪಕ್ಕ ಉಪ್ಪೂ ಇದೆ.

ಈಗಿನ ವಿಜ್ಞಾನವೂ ಎಚ್ಚರಿಸುತ್ತದೆ: 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 18ರಷ್ಟು ಏರುತ್ತದೆಂದು ಅದರ ಲೆಕ್ಕ. ಕೆಡದಿರಲೆಂದು ಉಪ್ಪು ಹಾಕಿದ, ಹೊಗೆ ಹಿಡಿಸಿದ ಮಾಂಸವೂ ಆ ವ್ಯಾಖ್ಯೆಯೊಳಗೇ ಬರುತ್ತದೆ. ಅಜ್ಜಿ ಕೈಯಾರೆ ಮಾಡಿದ್ದೆಂದು ಉಪ್ಪುಕಂಡಕ್ಕೆ ರಿಯಾಯಿತಿ ಕೊಡುವಂತಿಲ್ಲ.

ಆದರೆ ಉಪ್ಪುಕಂಡಕ್ಕೆ ಹಬ್ಬ ಬರಬೇಕು, ಬಿಸಿಲು ಕಾಯಬೇಕು. ಅದನ್ನು ತುಂಬಿಟ್ಟ ಗಡಿಗೆ ಬರಿದಾದರೆ ಮುಂದಿನ ಹಬ್ಬ, ಜಾತ್ರೆಯವರೆಗೂ ಕಾಯಬೇಕು. ಇದೇ ಸೀಮೆಯಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿದವರ ಮನೆಯ ಫ್ರೀಜರಿನಲ್ಲಿರುವ ಸಾಸೇಜು, ಸಲಾಮಿಗೆ ಅಂಥ ಕಟ್ಟುಪಾಡೇ ಇಲ್ಲ. ಮಕ್ಕಳ ಡಬ್ಬಿಗೆ ಬೆಳಿಗ್ಗೆ ಎರಡು ನಿಮಿಷದಲ್ಲಿ ಹುರಿದು ಹಾಕಬಹುದು, ನಾಳೆಯೂ ಹಾಕಬಹುದು. ಬಣ್ಣ ಕೆಡದಿರಲು, ಬಾಳಿಕೆ ಬರಲು ಅವಕ್ಕೆ ಬೆರೆಸುವ ನೈಟ್ರೈಟು ಹೊಟ್ಟೆಯೊಳಗೆ ಹಾನಿಕರ ಸಂಯುಕ್ತಗಳಾಗಬಲ್ಲದು. ಚರಕ ಬೇಡವೆಂದ ರೂಢಿ ಬೆಳೆಯುತ್ತಿರುವುದು ಈ ಡಬ್ಬಿಗಳಲ್ಲಿ.

ಕಾಯಿಲೆಯಿಂದ ಎದ್ದವರಿಗೆ, ಸೊರಗಿದವರಿಗೆ ಚರಕ ಹೇಳುವುದು ಒಣಮಾಂಸವಲ್ಲ, ಮಾಂಸರಸ. ಮೂಳೆ ಮುರಿದವರಿಗೆಂದು ಈ ಊರುಗಳಲ್ಲಿ ಕಾಯಿಸುವ ಕಾಲು ಸೂಪು ಅದಕ್ಕೆ ಹತ್ತಿರದ್ದು. ಅಂದೇ ತಂದ ಕಾಲು, ಮೆಣಸು, ಜೀರಿಗೆ, ಬೆಳ್ಳುಳ್ಳಿ, ರುಚಿಗೆ ಬೇಕಾದಷ್ಟೇ ಉಪ್ಪು. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿ, ಬಿಸಿಬಿಸಿಯಾಗಿಯೇ ಕುಡಿಸುತ್ತಾರೆ.