ಆಷಾಢದ ಉಲ್ಲನ್

ಮೈಸೂರಿನಲ್ಲಿ ಆಷಾಢ ಬಂತೆಂದು ತಿಳಿಯಲು ಪಂಚಾಂಗ ಬೇಕಿಲ್ಲ. ಚಾಮುಂಡಿ ಬೆಟ್ಟದ ನೆತ್ತಿಗೆ ಮೋಡ ಒರಗಿಕೊಳ್ಳುತ್ತದೆ. ತಂತಿಯ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಶುಕ್ರವಾರ ಬೆಳಗಿನ ಜಾವಕ್ಕೇ ಜನ ಬೆಟ್ಟದ ಬಸ್ಸಿಗೆ ಸಾಲುಗಟ್ಟುತ್ತಾರೆ. ಇವೆಲ್ಲಕ್ಕಿಂತ ಒಂದು ವಾರ ಮೊದಲೇ ದೇವರಾಜ ಅರಸು ರಸ್ತೆಯ ಅಂಗಡಿಗಳ ಹಣೆಗೆ ‘ಆಷಾಢ ಸೇಲ್’ ಎಂಬ ಕೆಂಪು ಬ್ಯಾನರ್ ಏರಿರುತ್ತದೆ. ಅದೂ ಸಾಲದೆಂದು ಈಗ ಫೋನು ಬೇರೆ. ರಾತ್ರಿ ಹತ್ತೂವರೆಗೆ, ದೀಪ ಆರಿಸಿ ಮಲಗುವ ಹೊತ್ತಿಗೆ, ‘ನಿಮಗಾಗಿಯೇ ಶೇಕಡ 40 ರಿಯಾಯಿತಿ’ ಎಂದು ಟಿಂಗ್ ಅನ್ನುತ್ತದೆ. ನನಗಾಗಿಯೇ! ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು, ನಮ್ಮ ಮನೆಯವರು ಒಂದು ದಿನವೂ ಹೀಗೆ ಅಂದವರಲ್ಲ.

ನನ್ನ ತಾಯಿಯ ಕಾಲದ ಆಷಾಢ ಏನೂ ಮಾಡಬಾರದ ತಿಂಗಳು. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಹೊಸ ಮದುಮಗಳು ತವರಿಗೆ. ಆಷಾಢದಲ್ಲಿ ಬಸುರಾದರೆ ಚೈತ್ರದ ಬಿಸಿಲಲ್ಲಿ ಹೆರಿಗೆ, ಅದಕ್ಕೇ ಹಿರಿಯರು ಹೀಗೆ ಕಟ್ಟು ಮಾಡಿದರು ಎಂಬ ವಿವರಣೆಯನ್ನು ದೊಡ್ಡವರು ನಮಗೆ ಕೇಳಿಯೂ ಕೇಳದ ಹಾಗೆ ಪಿಸುಗುಡುತ್ತಿದ್ದರು. ಶುಭಕಾರ್ಯವೇ ಇಲ್ಲದ ಮೇಲೆ ಜವಳಿ ಯಾರಿಗೆ ಬೇಕು? ಅಂಗಡಿಯವರು ನೊಣ ಹೊಡೆಯುತ್ತ ಕೂತಿರುತ್ತಿದ್ದರು. ಹೊಡೆದು ಹೊಡೆದು ಬೇಸತ್ತ ಯಾರೋ ಪುಣ್ಯಾತ್ಮ ಬೆಲೆ ಇಳಿಸಿ ನೋಡಿದ. ಈಗ ಆ ತಿಂಗಳಲ್ಲೇ ಫುಟ್‌ಪಾತಿನ ಮೇಲೆ ಕಾಲಿಡಲು ಜಾಗವಿಲ್ಲ.

ನನ್ನ ಓರಗಿತ್ತಿಗೆ ಮೈಸೂರು ಸಿಲ್ಕಿನ ಹುಚ್ಚು. ಮಾನಂದವಾಡಿ ರಸ್ತೆಯಲ್ಲಿ ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆಯ ಸೀರೆಗೆ ರಿಯಾಯಿತಿ ಎಂದು ಸುದ್ದಿ ಬಂದರೆ ಸಾಕು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲುತ್ತಾಳೆ. “ಅಕ್ಕಾ, ನೀವೂ ಬನ್ನಿ” ಎಂದು ಕರೆಯುತ್ತಾಳೆ. ನಾನು ಹೋಗುವುದಿಲ್ಲ. ಸೀರೆಯಂಗಡಿಯ ಮುಂದೆ ನಾನು ಸನ್ಯಾಸಿನಿಯ ಹಾಗೆ ನಡೆದುಹೋಗಬಲ್ಲೆ. ಅಲ್ಲಿಂದ ಚಿಕ್ಕ ಗಡಿಯಾರದ ಕಡೆ ತಿರುಗಿ, ಓಣಿಯೊಂದರಲ್ಲಿ ಗಾಜಿನ ಹಿಂದೆ ಬಣ್ಣಬಣ್ಣದ ಉಂಡೆಗಳನ್ನು ಒಟ್ಟಿರುವ ಪುಟ್ಟ ಅಂಗಡಿಯ ಮುಂದೆ ಬಂದರೆ ಮಾತ್ರ ನನ್ನ ವೈರಾಗ್ಯಕ್ಕೆ ಕಾಲು ನೋವು ಬರುತ್ತದೆ. ನನ್ನ ಕಾಯಿಲೆ ಉಲ್ಲನ್.

ಉಣ್ಣೆ ಅನ್ನುವ ಒಳ್ಳೆಯ ಮಾತು ನಮ್ಮಲ್ಲೇ ಇದೆ. ಆದರೆ ಉಣ್ಣೆ ಕುರಿಯ ಮೈಮೇಲಿರುವುದು, ಕಂಬಳಿಯಲ್ಲಿರುವುದು. ಹೆಣೆಯುವವರ ಕೈಗೆ ಉಂಡೆಯಾಗಿ ಬರುವುದು ಉಲ್ಲನ್ನೇ. ಅದರಲ್ಲಿ ಕುರಿ ಇರಲೇಬೇಕೆಂಬ ಕಡ್ಡಾಯವೂ ಇಲ್ಲ. ಒಂದೆಳೆ ಕಿತ್ತು ಬೆಂಕಿಕಡ್ಡಿ ತೋರಿಸಿ ನೋಡಿ: ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ನನ್ನಲ್ಲಿರುವುದರ ಮುಕ್ಕಾಲು ಪಾಲು ಈ ಮಣಿ ಕಟ್ಟುವ ಜಾತಿ. ಊರಿನ ಕುರಿಯನ್ನು ನಂಬೋಣವೆಂದರೆ ನಮ್ಮ ಪಕ್ಕದ ಬನ್ನೂರು ಕುರಿಯ ಕೀರ್ತಿಯೆಲ್ಲ ಮಾಂಸದ್ದು. ಮೈಮೇಲಿರುವುದು ಒರಟು ಕೂದಲು, ಸ್ವೆಟರಿಗೆ ಒದಗದು. ಉಣ್ಣೆಯ ನಿಜವಾದ ಕಸುಬುದಾರರು ಚಳ್ಳಕೆರೆ ಕಡೆಯ ಕುರುಬರು. ಕರಿಯ ಉಣ್ಣೆ ನೂತು, ಹಾಸಿಗೆ ಹುಣಸೆಬೀಜದ ಸರಿ ಬಳಿದು, ಮಗ್ಗದಲ್ಲಿ ಅವರು ನೇಯುವ ಕಂಬಳಿ ಮಳೆಗೂ ಆಯಿತು, ಚಳಿಗೂ ಆಯಿತು, ದೇವರ ಗದ್ದುಗೆಗೂ ಆಯಿತು. ನಮ್ಮಜ್ಜಿಯ ಕಂಬಳಿ ಮುಟ್ಟಿದರೆ ಮೈ ತುರಿಸುತ್ತಿತ್ತು. ಅದನ್ನು ಯಾರೂ ಶೇಕಡ 40 ಕಡಿಮೆಗೆ ಮಾರಿದ್ದನ್ನು ನಾನು ಕಂಡಿಲ್ಲ.

“ಮೈಸೂರಿನಲ್ಲಿ ಸ್ವೆಟರು ಎಷ್ಟು ದಿನ ಬೇಕು ಕಣೆ?” ಎಂದು ನಮ್ಮ ಮನೆಯವರು ವರ್ಷಕ್ಕೊಮ್ಮೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಡಿಸೆಂಬರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮಂಕಿಕ್ಯಾಪು, ಮಫ್ಲರು ಹೊರಟ ಮೆರವಣಿಗೆ ಎಂಟೂವರೆಯ ಬಿಸಿಲಿಗೆ ಕರಗಿ, ಸ್ವೆಟರುಗಳೆಲ್ಲ ಸೊಂಟಕ್ಕೆ ಇಳಿದಿರುತ್ತವೆ. ಅದೂ ಸಾಲದ್ದಕ್ಕೆ 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಬಂದು ನೆಲೆಸಿದ ಟಿಬೆಟಿಯನ್ನರು ಚಳಿಗಾಲ ಬಂದರೆ ಲೂಧಿಯಾನದಿಂದ ಸ್ವೆಟರು ತಂದು ರಸ್ತೆಬದಿಯಲ್ಲಿ ಹರವುತ್ತಾರೆ. ನಾನು ಬರಿಯ ಉಲ್ಲನ್ನಿಗೆ ಕೊಡುವ ದುಡ್ಡಿಗೆ ಅವರಲ್ಲಿ ಇಡೀ ಸ್ವೆಟರೇ ಬರುತ್ತದೆ, ಗುಂಡಿ ಸಮೇತ. ಆದರೂ ನಾನು ಸೋಲುವುದಿಲ್ಲ. “ರೀ, ಕಡ್ಡಿ ಹೆಣಿಗೆಯ ಅತಿ ಹಳೆಯ ಕಾಲುಚೀಲ ಸಿಕ್ಕಿರುವುದು ಹಿಮಾಲಯದಲ್ಲಲ್ಲ, ಈಜಿಪ್ಟಿನ ಮರಳಲ್ಲಿ. ಅದೂ ನೀಲಿ-ಬಿಳಿ ಹತ್ತಿ ನೂಲಿನದು” ಅನ್ನುತ್ತೇನೆ. ಅವರು ಪೇಪರ್ ಮಗುಚುತ್ತಾರೆ.

ಈಗ ನಾನು ಕೊಂಡ ಉಲ್ಲನ್ನೆಲ್ಲ ಸೇರುವ ಟ್ರಂಕಿನ ವಿಷಯ. ಅದು ಮಾವನವರು ರೈಲ್ವೆಯಲ್ಲಿದ್ದಾಗಿನದು, ಮುಚ್ಚಳದ ಮೇಲೆ ಅವರ ಹೆಸರು ಬಿಳಿ ಬಣ್ಣದಲ್ಲಿ ಇನ್ನೂ ಇದೆ. ತೆರೆದರೆ ಮೊದಲು ನುಸಿಗುಳಿಗೆ, ಹಿಂದೆಯೇ ಒಣಗಿದ ಬೇವಿನ ಸೊಪ್ಪಿನ ವಾಸನೆ. ಒಳಗೆ ನವಿಲುನೀಲಿ ಎರಡುಂಡೆ, ಬದನೆಕಾಯಿ ಬಣ್ಣದ್ದು ಮೂರು, ಅರಿಶಿನ ಒಂದೂವರೆ, ಗಿಳಿಹಸಿರು ಎರಡು. ‘ಬಿಸ್ಕತ್ತು’ ಎಂದು ಅಂಗಡಿಯವನು ಕರೆದ, ಬೆಳಕಿಗೆ ಹಿಡಿದರೆ ಯಾವ ಬಿಸ್ಕತ್ತಿಗೂ ಹೋಲದ ಒಂದು ಬಣ್ಣ ನಾಲ್ಕುಂಡೆ. ದೊಡ್ಡವರ ಒಂದು ಸ್ವೆಟರಿಗೆ 400ರಿಂದ 500 ಗ್ರಾಂ ಬೇಕು, ಅಂದರೆ 50 ಗ್ರಾಮಿನ ಎಂಟು ಹತ್ತು ಉಂಡೆ. ಪೂರ್ತಿ ಎಂಟು ಉಂಡೆ ಇರುವ ಬಣ್ಣವನ್ನು ಯಾವ ಅಂಗಡಿಯವನು ಸೇಲಿಗಿಡುತ್ತಾನೆ? ಸೇಲಿಗೆ ಬರುವುದು ಯಾರದೋ ಸ್ವೆಟರು ಮುಗಿದು ಮಿಕ್ಕಿದ್ದು. ಹೀಗೆ ಇಪ್ಪತ್ತು ವರ್ಷದಲ್ಲಿ ಅರ್ಧ ಸ್ವೆಟರು, ಕಾಲು ಸ್ವೆಟರು, ಬರಿ ಕಾಲರು, ಒಂಟಿ ತೋಳುಗಳನ್ನೇ ಅಗ್ಗಕ್ಕೆ ಕೊಂಡು ನಾನು ಟ್ರಂಕು ತುಂಬಿಸಿದ್ದೇನೆ.

ಇನ್ನೊಂದು ಸಂಕಟ ಲಾಟ್ ನಂಬರಿನದು. ಉಂಡೆಗೆ ಸುತ್ತಿದ ಕಾಗದದ ಪಟ್ಟಿಯಲ್ಲಿ ಬಣ್ಣದ ನಂಬರಿನ ಪಕ್ಕ ಅದೂ ಇರುತ್ತದೆ. ಒಂದೇ ಹಂಡೆಯಲ್ಲಿ ಒಟ್ಟಿಗೆ ಬಣ್ಣ ಕಂಡ ನೂಲಿಗೆಲ್ಲ ಒಂದೇ ಲಾಟ್. ಮುಂದಿನ ಹಂಡೆಗೆ ಬಣ್ಣದ ನಂಬರ್ ಅದೇ ಆದರೂ ಲಾಟ್ ಬೇರೆ, ಮತ್ತು ಬಣ್ಣವೂ ಕೂದಲೆಳೆಯಷ್ಟು ಬೇರೆ. ಮಗ ಜರ್ಮನಿಗೆ ಓದಲು ಹೊರಟಾಗ ಆಷಾಢದ ಸೇಲಿನಲ್ಲಿ ಮರೂನ್ ಉಲ್ಲನ್ ತಂದಿದ್ದೆ. ಶುದ್ಧ ಉಣ್ಣೆ, ಬೆಂಕಿಕಡ್ಡಿ ಪರೀಕ್ಷೆಯಲ್ಲಿ ಪಾಸಾದದ್ದು. ಇದ್ದದ್ದು ಏಳೇ ಉಂಡೆ. ಎಡತೋಳಿನ ಮೊಣಕೈಗೆ ಬರುವಷ್ಟರಲ್ಲಿ ಮುಗಿಯಿತು. ಓಡಿದೆ. ಅಂಗಡಿಯವನು ಟ್ಯೂಬ್‌ಲೈಟಿನ ಕೆಳಗೆ ಎರಡನ್ನೂ ಹಿಡಿದು “ಸೇಮ್ ಕಲರ್ ಮೇಡಂ, ನಂಬರ್ ನೋಡ್ಕೊಳ್ಳಿ” ಅಂದ. ಬಣ್ಣದ ನಂಬರ್ ನೋಡಿಕೊಂಡೆ, ಪಕ್ಕದ್ದನ್ನು ನೋಡಲಿಲ್ಲ. ಮುಗಿಸಿ ಟೆರೇಸಿನ ಬಿಸಿಲಿಗೆ ಹಿಡಿದಾಗ ಎಡತೋಳು ಮೊಣಕೈಯಿಂದ ಕೆಳಗೆ ಬೇರೆ ಯಾರದೋ ತೋಳು. ಮಗ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, “ಅಮ್ಮ, ಇದು ಡಿಸೈನಾ?” ಎಂದ. “ಹೌದು ಕಣೋ” ಅಂದೆ. ಅವನು ಓದು ಮುಗಿಸಿ ವಾಪಸು ಬಂದಾಗ ಸ್ವೆಟರು ಮಡಿಕೆ ಕೆಡದೆ ಬಂತು.

ಹೆಣಿಗೆ ನಮ್ಮ ಮನೆಗೆ ಬಂದದ್ದು ನಮ್ಮಜ್ಜಿಯಿಂದ, ಅಜ್ಜಿಗೆ ಬಂದದ್ದು ಯುದ್ಧದಿಂದ. 1962ರ ಅಕ್ಟೋಬರ್ 20ಕ್ಕೆ ಚೀನಾ ಮೇಲೆ ಬಿತ್ತು. ಲಡಾಖಿನಲ್ಲಿ, ಈಗಿನ ಅರುಣಾಚಲವಾದ ನೇಫಾದಲ್ಲಿ ನಮ್ಮ ಸೈನಿಕರು ಹತ್ತಿ ಬಟ್ಟೆ, ಕ್ಯಾನ್ವಾಸ್ ಬೂಟಿನಲ್ಲಿ ಹಿಮದ ಮೇಲೆ ನಿಂತಿದ್ದಾರೆಂಬ ಸುದ್ದಿ ಹಬ್ಬಿ, ದೇಶದ ತುಂಬ ಹೆಂಗಸರು ಸ್ವೆಟರು ಹೆಣೆಯಲು ಕೂತರು. ಅಗ್ರಹಾರದ ನಮ್ಮಜ್ಜಿಗೂ ಬೀದಿಯ ಮಹಿಳಾ ಸಮಾಜದಿಂದ ಹಸಿರು ಉಲ್ಲನ್ ಬಂತು. ಅಷ್ಟರವರೆಗೆ ಹೂ ಕಟ್ಟುವುದು, ಬತ್ತಿ ಹೊಸೆಯುವುದು ಬಿಟ್ಟರೆ ಅವರ ಬೆರಳು ನೂಲು ಕಂಡದ್ದಿಲ್ಲ. ಕಡ್ಡಿಯೂ ಕೊಂಡದ್ದಲ್ಲ, ತಾತ ಸೈಕಲ್ಲಿನ ಎರಡು ಕಡ್ಡಿ ತುದಿ ಉಜ್ಜಿ ಕೊಟ್ಟರು. ಕಡ್ಡಿಯ ನಂಬರಿನ ಲೆಕ್ಕವೇ ಉಲ್ಟಾ. ಹತ್ತನೇ ನಂಬರಿಗಿಂತ ಹನ್ನೆರಡನೇ ನಂಬರು ಸಣ್ಣ, ಇಂಗ್ಲಿಷರು ತಂತಿ ಅಳೆಯುವ ಲೆಕ್ಕವನ್ನೇ ಇದಕ್ಕೂ ಹಚ್ಚಿದ್ದರಿಂದ. ತಾತನ ಸೈಕಲ್ ಕಡ್ಡಿಗಾದರೋ ನಂಬರೇ ಇರಲಿಲ್ಲ, ಅಜ್ಜಿಯ ಹೆಣಿಗೆ ಚಾಪೆಯಷ್ಟು ಬಿಗಿ. ಯುದ್ಧ ನಡೆದದ್ದು ಒಂದು ತಿಂಗಳು. ಅಜ್ಜಿಯ ಒಂದು ಸ್ವೆಟರಿಗೆ ಬೇಕಾದದ್ದು ಆರು ವಾರ. ನವೆಂಬರ್ 21ರಂದು ಕದನ ನಿಂತಾಗ ಅವರಿನ್ನೂ ಎರಡನೇ ತೋಳಿನಲ್ಲಿದ್ದರು. “ಚಳಿ ನಿಂತಿಲ್ಲವಲ್ಲ” ಎಂದು ಮುಗಿಸಿಯೇ ಕಳಿಸಿದರು.

ಮಿಕ್ಕ ಹಸಿರನ್ನು ಹಿಂದಿರುಗಿಸಲು ಹೋದರೆ ಸಮಾಜದವರು “ಇಷ್ಟರಲ್ಲಿ ಏನಾಗುತ್ತೆ, ನೀವೇ ಇಟ್ಕೊಳ್ಳಿ” ಅಂದರಂತೆ. ಅಜ್ಜಿ ಅದರಲ್ಲಿ ಏನೇನಾಗುತ್ತದೆಂದು ಮೂವತ್ತು ವರ್ಷ ತೋರಿಸಿದರು. ಮೊದಲು ನಮ್ಮ ಸೋದರಮಾವನಿಗೆ ಮಂಕಿಕ್ಯಾಪು. ಅವನ ತಲೆ ಬೆಳೆಯಿತು, ಟೋಪಿ ಬಿಚ್ಚಿ ನನಗೆ ಕಾಲುಚೀಲ. ನನ್ನ ಕಾಲು ಬೆಳೆಯಿತು, ಅದನ್ನೂ ಬಿಚ್ಚಿ ನಡುವೆ ಬಿಳಿ ಪಟ್ಟಿ ಸೇರಿಸಿ ತಮ್ಮನಿಗೆ ತೋಳಿಲ್ಲದ ಪುಟ್ಟ ಸ್ವೆಟರು. ಕೊನೆಗೆ, ಎಳೆ ಅಲ್ಲಲ್ಲಿ ಸವೆದು ಗಂಟುಗಳೇ ಜಾಸ್ತಿಯಾದ ಮೇಲೆ, ಅಮ್ಮನ ಶ್ರುತಿಪೆಟ್ಟಿಗೆಗೆ ಗವಸು. ಅದು ಈಗ ನನ್ನ ಮನೆಯಲ್ಲಿದೆ. ಮೊನ್ನೆ ಮೊಮ್ಮಗಳಿಗೆ ತೋರಿಸುತ್ತ ಎಣಿಸಿದೆ: ಆ ಹಸಿರು ಉಲ್ಲನ್ ನಾಲ್ಕು ಜನ್ಮ ಎತ್ತಿದೆ. ನನ್ನ ಟ್ರಂಕಿನದು ಇನ್ನೂ ಒಂದು ಜನ್ಮವನ್ನೂ ಎತ್ತಿಲ್ಲ. ಎಲ್ಲ ಬಸಿರಲ್ಲೇ ಇದೆ, ಇಪ್ಪತ್ತು ವರ್ಷದಿಂದ.

ಈ ಲೆಕ್ಕ ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದಲೇ ಈ ಸಲ ಮೊದಲನೇ ಆಷಾಢ ಶುಕ್ರವಾರ ಮೆಟ್ಟಿಲು ಹತ್ತಿ ಬೆಟ್ಟಕ್ಕೆ ಹೋದೆ. ದೊಡ್ಡದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲು. ಹೆಂಗಸರು ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಿದ್ದರು. ಕೆಳಗಿನ ಮೆಟ್ಟಿಲಲ್ಲಿ ನನ್ನ ಹರಕೆ ಸ್ಪಷ್ಟವಾಗಿತ್ತು: ತಾಯಿ, ಈ ಆಷಾಢದಲ್ಲಿ ಒಂದುಂಡೆ ಉಲ್ಲನ್ನೂ ಕೊಳ್ಳುವುದಿಲ್ಲ. ಇನ್ನೂರನೇ ಮೆಟ್ಟಿಲಿನ ಹೊತ್ತಿಗೆ, ಬೇರೆಯವರಿಗಾಗಿ ಕೊಂಡರೆ ಲೆಕ್ಕಕ್ಕಿಲ್ಲ ಎಂದು ಸೇರಿಸಿದೆ. ನಂದಿಯ ಹತ್ತಿರ ಸುಧಾರಿಸಿಕೊಳ್ಳಲು ಕೂತಾಗ, ಕ್ರೋಶದ ನೂಲು ಉಲ್ಲನ್ ಅಲ್ಲ, ಹತ್ತಿ, ಎಂಬುದು ಹೊಳೆಯಿತು. ಗರ್ಭಗುಡಿಯ ಮುಂದಿನ ನೂಕುನುಗ್ಗಲಿನಲ್ಲಿ ನಿಂತಾಗ ಹರಕೆಯಲ್ಲಿ ಉಳಿದದ್ದು ‘ಈ ಶುಕ್ರವಾರ ಕೊಳ್ಳುವುದಿಲ್ಲ’ ಎಂಬಷ್ಟೇ. ಅಮ್ಮನವರ ಅಲಂಕಾರ ಕಣ್ಣಿಗೆ ಬಿದ್ದದ್ದು ಎರಡು ಸೆಕೆಂಡು. ಅಷ್ಟರಲ್ಲೂ ಸೀರೆಯ ಹಸಿರು ಯಾವ ನಂಬರಿನದಿರಬಹುದೆಂದು ಯೋಚಿಸಿದೆ ಅಂದರೆ ನನ್ನ ಗತಿ ನೀವೇ ಊಹಿಸಿ.

ಇಳಿಯುವಾಗ, ಮಂಡಿ ನಡುಗುತ್ತಿದ್ದಾಗ, ಇನ್ನೊಂದು ಹೊಳೆಯಿತು. ಆಷಾಢದಲ್ಲಿ ಹೊಸದನ್ನು ಶುರುಮಾಡಬಾರದು. ಹಳೆಯದನ್ನು ಬಿಚ್ಚಬಾರದೆಂದು ಯಾರೂ ಹೇಳಿಲ್ಲವಲ್ಲ.

ಮನೆಗೆ ಬಂದು ಮರೂನ್ ಸ್ವೆಟರು ತೆಗೆದೆ. ಕುತ್ತಿಗೆಯ ಪಟ್ಟಿಯಲ್ಲಿ ಕೊನೆಯ ಗಂಟು ಹುಡುಕುವುದಕ್ಕೇ ಕನ್ನಡಕ ಒರೆಸಿ ಒರೆಸಿ ಅರ್ಧ ಗಂಟೆ. ಅದನ್ನು ಕತ್ತರಿಸಿ ಎಳೆದರೆ ಮುಂದಿನದು ತಾನೇ ಬಂತು. ಸಾಲು ಸಾಲಾಗಿ, ಪಟಪಟ ಎಂದು ಸಣ್ಣ ಸದ್ದು ಮಾಡುತ್ತ, ಶ್ಯಾವಿಗೆಯ ಹಾಗೆ ಸುಕ್ಕುಸುಕ್ಕಾಗಿ. ಮೂರು ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಬಿಚ್ಚಿಕೊಂಡಿತು. ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ ಲಡಿ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಸುಕ್ಕು ಬಿಡಲೆಂದು ಕೆಳಗೆ ಹಿತ್ತಾಳೆಯ ಚೊಂಬು ತೂಗುಹಾಕಿ ಬಚ್ಚಲುಮನೆಯಲ್ಲಿ ನೇತುಹಾಕಿದೆ. ಈ ಮಳೆಯಲ್ಲಿ ಒಣಗಲು ಐದು ದಿನ ಹಿಡಿಯಿತು. ಸ್ನಾನಕ್ಕೆ ಹೋದಾಗಲೆಲ್ಲ ಚೊಂಬು ತಲೆಗೆ ತಾಗುತ್ತದೆಂದು ಮನೆಯವರ ದೂರು.

ಎರಡು ಲಾಟಿನದನ್ನೂ ಬೇರೆ ಬೇರೆ ಲಡಿ ಮಾಡಿದ್ದೇನೆ. ಶ್ರಾವಣ ಹುಟ್ಟಿದ ಮೇಲೆ ಮೊಮ್ಮಗಳಿಗೆ ಶುರುಮಾಡುವುದು. ಎರಡು ಸಾಲು ಈ ಲಾಟಿನದು, ಎರಡು ಸಾಲು ಆ ಲಾಟಿನದು ಹಾಕುತ್ತ ಹೋದರೆ ಯಾವ ಬಿಸಿಲಿಗೂ ವ್ಯತ್ಯಾಸ ಕಾಣದು. ಇದು ಆಗಲೇ ಗೊತ್ತಿದ್ದರೆ ಮಗ ಆ ಚಳಿಯಲ್ಲಿ ಸ್ವೆಟರನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೂರುತ್ತಿರಲಿಲ್ಲ.

ನಿನ್ನೆ ರಾತ್ರಿ ಊಟವಾದ ಮೇಲೆ ಉಂಡೆ ಸುತ್ತಲು ಕೂತೆವು. ಇವರು ಮಣೆಯ ಮೇಲೆ ಕೂತು, ಎರಡು ಕೈಯನ್ನೂ ಆರತಿ ತೆಗೆದುಕೊಳ್ಳುವವರ ಹಾಗೆ ಮುಂದೆ ಚಾಚಿ, ಲಡಿ ಹಿಡಿದರು. ನಾನು ಎಳೆ ಬಂದಂತೆ ಸುತ್ತುತ್ತಿದ್ದೆ, ಅವರು ಮಣಿಕಟ್ಟು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ವಾಲಿಸುತ್ತಿದ್ದರು. ಹತ್ತೂವರೆಯಾಗಿರಬೇಕು, ಟೀಪಾಯಿಯ ಮೇಲೆ ನನ್ನ ಫೋನು ಟಿಂಗ್ ಅಂದಿತು.

“ನಿಂದೇ ಇರ್ಬೇಕು, ನೋಡು” ಅಂದರು.

“ಕೈ ಆಡಿಸಬೇಡಿ ರೀ, ಗಂಟಾಗುತ್ತೆ” ಅಂದೆ.