ನೋಟ್‌ಬುಕ್ ಹಿಡಿದು ಕೊಕ್ಕರೆ ಬೆಳ್ಳೂರಿಗೆ

ಹಕ್ಕಿ ನೋಡಲು ಕಾಡಿಗೇ ಹೋಗಬೇಕು, ಇಲ್ಲವೇ ದೋಣಿ ಹತ್ತಬೇಕು ಎಂದುಕೊಂಡವರಿಗೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಅಚ್ಚರಿಯ ಊರು. ಇಲ್ಲಿ ಮನೆಗಳ ಹಿತ್ತಲಲ್ಲಿ, ಬೀದಿಯ ತಿರುವಿನಲ್ಲಿ ನಿಂತ ಹುಣಸೆ, ಆಲ, ಅರಳಿ ಮರಗಳ ಮೇಲೆಯೇ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಸಂಸಾರ. ಕೆಳಗೆ ಎಮ್ಮೆ ಮೆಲುಕು ಹಾಕುತ್ತಿದ್ದರೆ, ಮೇಲೆ ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಿಗೇ ತಲೆ ತೂರಿಸಿ ಮೀನು ತಿನ್ನುತ್ತಿರುತ್ತದೆ.

ಊರವರ ಪಾಲಿಗೆ ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಹಕ್ಕಿ ಕೂತ ಹುಣಸೆ ಮರದ ಫಸಲು ಕೈಗೆ ಸಿಗುವುದು ಕಷ್ಟ, ಆದರೂ ಓಡಿಸಿದವರಿಲ್ಲ. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಈ ನಂಟು ಹಳ್ಳಿಗರಿಗೆ ತಲೆಮಾರುಗಳಿಂದ ಗೊತ್ತಿದ್ದರೂ, ಹೊರಗಿನವರ ಗಮನ ಇತ್ತ ಹರಿದದ್ದು 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಇಲ್ಲಿನ ಹಕ್ಕಿಗಳನ್ನು ದಾಖಲಿಸಿದ ಮೇಲೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಬರೆದಿಟ್ಟ ಮಾತಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಆದ್ದರಿಂದ ಇಲ್ಲಿಗೆ ಬರುವಾಗ ಚಿಪ್ಸ್ ಪೊಟ್ಟಣದ ಜೊತೆ ಗೆರೆಯಿಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್ ಇರಲಿ. ಮೊದಲ ಸಾಲಿನಲ್ಲಿ ದಿನಾಂಕ, ಗಂಟೆ, ಬಿಸಿಲೋ ಮೋಡವೋ ಎಂಬುದು. ನಂತರ ಒಂದೇ ಮರವನ್ನು ಆರಿಸಿಕೊಂಡು ಅರ್ಧ ಗಂಟೆ ಕೂರಬೇಕು. ಅದು ಯಾವ ಮರ? ಎಷ್ಟು ಗೂಡು? ತುದಿಯಲ್ಲಿವೆಯೋ ನಡುವೆಯೋ? ಹೆಜ್ಜಾರ್ಲೆಯ ಬೂದು ಮೈ, ಕೊಕ್ಕಿನ ಮೇಲಿನ ಚುಕ್ಕೆ, ಅದರಡಿಯ ಚೀಲ. ಬಣ್ಣದ ಕೊಕ್ಕರೆಯ ಹಳದಿ ಕೊಕ್ಕು, ಬಾಲದ ಬಳಿಯ ಗುಲಾಬಿ ಗರಿ: ಇವೆಲ್ಲ ಬರೆಯುತ್ತಾ ಹೋದಂತೆ ಕಣ್ಣಿಗೆ ಬೀಳುತ್ತವೆ. ಕಿವಿಗೂ ಕೆಲಸ ಕೊಡಿ. ದೊಡ್ಡ ಕೊಕ್ಕರೆ ಕೂಗುವುದಿಲ್ಲ, ಕೊಕ್ಕನ್ನು ಪಟಪಟನೆ ಬಡಿಯುತ್ತದೆ, ಗಲಾಟೆಯೆಲ್ಲ ಮರಿಗಳದು.

ತಂದೆತಾಯಿಯರಿಗೆ ಒಂದು ಕಿವಿಮಾತು. ಚಿತ್ರ ಸೊಟ್ಟಗಿದ್ದರೆ ತಿದ್ದಬೇಡಿ. ಹಕ್ಕಿಯ ಹೆಸರನ್ನು ನೀವೇ ಮೊದಲು ಹೇಳಿಬಿಡಬೇಡಿ. ಮಗು ಕಂಡದ್ದನ್ನು ಬರೆದ ಮೇಲೆ ಪುಸ್ತಕ ತೆರೆಯಿರಿ. ಪ್ರತಿ ಪುಟದ ಕೊನೆಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಇರಲಿ. ಜಗಲಿಯಲ್ಲಿ ಕೂತ ಅಜ್ಜ ಅಜ್ಜಿಯರನ್ನು ಮಾತಾಡಿಸಿ, ಹಿಂದೆ ಯಾವ ಮರದಲ್ಲಿ ಗೂಡಿತ್ತು, ಆ ಮರ ಈಗ ಏನಾಯಿತು ಎಂದು ಮಕ್ಕಳೇ ಕೇಳಲಿ.

ಈ ಪ್ರಶ್ನೆ ಮುಖ್ಯ. ಹಳೆಯ ಮರ ಉರುಳಿದರೆ ಅದರ ಜೊತೆ ಹತ್ತಾರು ಗೂಡುಗಳ ಜಾಗವೂ ಹೋಯಿತು. 2017ರ ಕೊನೆಯಲ್ಲಿ ಹೊಟ್ಟೆಹುಳುವಿನ ಬಾಧೆಯಿಂದ ಇಲ್ಲಿ ಹಲವು ಹೆಜ್ಜಾರ್ಲೆಗಳು ಸತ್ತವು. ಹಕ್ಕಿ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಹೇಳಲು ಕಳೆದ ವರ್ಷದ ಲೆಕ್ಕ ಬೇಕು. ಅದೇ ಮರದ ಗೂಡುಗಳನ್ನು ವರ್ಷವರ್ಷವೂ ಎಣಿಸಿದ ಮಗುವಿನ ನೋಟ್‌ಬುಕ್ಕಿನಲ್ಲಿ ಆ ಲೆಕ್ಕ ಇರುತ್ತದೆ.

ಬರಲಾಗದವರು ನಿರಾಶರಾಗಬೇಕಿಲ್ಲ. ಮನೆಯೆದುರಿನ ಹೊಂಗೆ ಎಂದು ಎಲೆ ಉದುರಿಸಿತು, ಎಂದು ಚಿಗುರಿತು, ಹೂವಿಗೆ ಜೇನು ಎಂದು ಬಂತು ಎಂದು ವಾರಕ್ಕೊಮ್ಮೆ ಬರೆದರೂ ಯುಗಾದಿಯಿಂದ ಯುಗಾದಿಗೆ ಒಂದು ಒಳ್ಳೆಯ ಪುಸ್ತಕವಾಗುತ್ತದೆ.

ಹೋಗುವುದು ಹೇಗೆ? ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಮೈಸೂರಿನ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರಿಗೆ ಮೊದಲು ಸಿಗುವ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿದರೆ ಸುಮಾರು 12 ಕಿ.ಮೀ. ಜನವರಿಯಿಂದ ಏಪ್ರಿಲ್‌ವರೆಗೆ ಗೂಡು, ಮರಿ ಎರಡೂ ನೋಡಸಿಗುತ್ತವೆ. ಬೆಳಿಗ್ಗೆ ಬೇಗ ಹೋಗಿ. ಮರದ ಕೆಳಗೆ ಕೂಗಾಡಬೇಡಿ, ಕಲ್ಲೆಸೆಯಬೇಡಿ, ಗರಿ ಆರಿಸಿ ತರಬೇಡಿ. ಅದರ ಚಿತ್ರ ಬರೆದುಕೊಂಡರೆ ಸಾಕು. ಟೋಪಿ ಮರೆಯಬೇಡಿ, ಬಿಸಿಲಿಗಷ್ಟೇ ಅಲ್ಲ, ಮೇಲಿನಿಂದ ಬೀಳುವ ಹಿಕ್ಕೆಗೂ ಅದು ಬೇಕು!